ದೊರೆ ಸೈಕಲ್ಲಿನ ಚಕ್ರಗಳು

ಬೀಗರು ಲಗ್ನಪತ್ರಿಕೆ ಬರೆಸಲು ಬರುತ್ತಾರೆಂದು ಗೊತ್ತಾದ ಮೇಲೆ ಅಮ್ಮಾಜಮ್ಮ ಮನೆಯಲ್ಲಿದ್ದ ಹಿತ್ತಾಳೆ, ತಾಮ್ರ ಒಂದನ್ನೂ ಬಿಡದೆ ತಿಕ್ಕಿದಳು. ಕೊಳಗ, ಕೊಡ, ದೀಪದ ಕಂಬ, ಅತ್ತೆಯ ಎಲೆಯಡಿಕೆ ಡಬ್ಬಿ, ಎಲ್ಲವೂ ಹುಣಸೆಹಣ್ಣಿನ ಗಸಿ, ಇಟ್ಟಿಗೆ ಪುಡಿ ತಿಂದು ಫಳಫಳ ಹೊಳೆದವು. ಅಷ್ಟಕ್ಕೇ ಕೈ ತೊಳೆದುಕೊಂಡಿದ್ದರೆ ಚೆನ್ನಾಗಿತ್ತು. ಗಸಿ ಇನ್ನೂ ಒಂದು ಬೋಗುಣಿ ಉಳಿದಿತ್ತು. ಅದನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಹಿತ್ತಿಲಿಂದ ಎದ್ದು ಬಂದವಳ ಕಣ್ಣಿಗೆ ನಡುಮನೆಯ ಗೋಡೆಗೆ ಒರಗಿ ನಿಂತಿದ್ದ ದೊರೆ ಸೈಕಲ್ ಬಿತ್ತು.

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಅವಳ ಗಂಡ ಕೋದಂಡಪ್ಪನ ಸೈಕಲ್ ಶಾಪು. ಮುಂದೆ ಶಾಪು, ಹಿಂದೆ ಮನೆ, ನಡುವೆ ಒಂದು ಗೋಣಿಯ ಪರದೆ. ಗಣಿಗೆ ಹೋಗುವವರ ಸೈಕಲ್ಲು, ಕ್ಯಾಸಂಬಳ್ಳಿ ಕಡೆಯಿಂದ ಹಾಲು ತರುವವರ ಸೈಕಲ್ಲು, ಎಲ್ಲಕ್ಕೂ ಚಕ್ರ ಕಟ್ಟಬೇಕಾದರೆ ಕೋದಂಡಪ್ಪನೇ ಆಗಬೇಕು. ಗಣಿ ಸರ್ಕಾರದ ಕೈಗೆ ಬಂದ ಕಾಲಕ್ಕೆ ತನ್ನ ದೇಶಕ್ಕೆ ಹೊರಟ ಇಂಜಿನಿಯರ್ ದೊರೆಯೊಬ್ಬ ತನ್ನ ಸೈಕಲ್ಲನ್ನು ಅವನಿಗೇ ಬಿಟ್ಟುಹೋಗಿದ್ದ. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು, ತೆಳ್ಳನೆಯ ಟೈರು, ಕನ್ನಡಿಯಂಥ ರಿಮ್ಮು. ಕೋದಂಡಪ್ಪ ಅದನ್ನು ತುಳಿಯುತ್ತಿರಲಿಲ್ಲ, ಒರೆಸುತ್ತಿದ್ದ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕೊಡಗಟ್ಟಲೆ ನೀರು ಹೊಯ್ದು ಸ್ನಾನ ಮಾಡಿಸಿ, ಹೂವು ಮುಡಿಸಿ, ಮತ್ತೆ ಗೋಡೆಗೆ ಒರಗಿಸುತ್ತಿದ್ದ.

ಮಗಳು ವರಲಕ್ಷ್ಮಿಯನ್ನು ನೋಡಲು ಬಂಗಾರಪೇಟೆಯಿಂದ ಬಂದ ಗಂಡು ಶ್ರೀನಿವಾಸಪ್ಪ ಅಲ್ಲಿನ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತ. ಹುಡುಗಿಯನ್ನು ನಾಚಿಕೊಂಡು ಒಂದು ಸಲ ನೋಡಿದ. ಸೈಕಲ್ಲನ್ನು ನಾಚಿಕೆಯಿಲ್ಲದೆ ನೋಡುತ್ತಲೇ ಇದ್ದ. ಕೋದಂಡಪ್ಪನಿಗೆ ಎದೆ ಉಬ್ಬಿ, ಯಾರೂ ಕೇಳದೆಯೇ, "ಧಾರೆ ದಿನ ಈ ಗಾಡಿ ನಿಮ್ದೇ ಕಣ್ರಪ್ಪಾ" ಎಂದುಬಿಟ್ಟ.

ಅಂಥ ಸೈಕಲ್ಲು ಬೀಗರ ಕಣ್ಣಿಗೆ ಇನ್ನಷ್ಟು ಹೊಳೆಯಲಿ ಎಂದುಕೊಂಡಳು ಅಮ್ಮಾಜಮ್ಮ. ಎರಡೂ ರಿಮ್ಮಿಗೆ ಗಸಿ ಬಳಿದು, ತೆಂಗಿನ ನಾರಿನಿಂದ ಗಸಗಸ ತಿಕ್ಕಿ, ಗಸಿ ಒಣಗಬಾರದೆಂದು ಒದ್ದೆ ಗೋಣಿ ಸುತ್ತಿ ರಾತ್ರಿಯೆಲ್ಲ ಬಿಟ್ಟಳು. ಹಳೆಯ ಕೊಳಗಕ್ಕೆ ಅವಳು ಹಾಗೆಯೇ ಮಾಡುತ್ತಿದ್ದದ್ದು.

ಬೆಳಿಗ್ಗೆ ಗೋಣಿ ಬಿಚ್ಚಿದಾಗ ಕನ್ನಡಿ ಇರಲಿಲ್ಲ. ಹೊಳಪು ಪದರ ಪದರವಾಗಿ ಎದ್ದು ಗೋಣಿಗೆ ಅಂಟಿಕೊಂಡಿತ್ತು. ರಿಮ್ಮು ತಳ ಹತ್ತಿದ ಹೋಳಿಗೆಯ ಹಾಗೆ ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಕಪ್ಪು.

ಹಲ್ಲುಜ್ಜುತ್ತಾ ಬಂದ ಕೋದಂಡಪ್ಪ ಬೇವಿನ ಕಡ್ಡಿ ಬಾಯಲ್ಲೇ ಇಟ್ಟುಕೊಂಡು ನಿಂತ.

"ಏನೇ ಇದು?"

"ಒಳೀಲಿ ಅಂತ..."

"ಯಾವುದ್ರಲ್ಲಿ ತಿಕ್ದೆ?"

"ಉಣ್ಸೆಣ್ಣಲ್ಲಿ."

"ಉಣ್ಸೆಣ್ಣು!" ಕಡ್ಡಿ ನೆಲಕ್ಕೆ ಬಿತ್ತು. "ದೊರೆ ಗಾಡೀನ ಸಾರು ಮಾಡಿದಂಗೆ ಮಾಡ್ಬುಟ್ಯಲ್ಲೇ! ಒಗ್ಗರಣೆ ಒಂದು ಆಕ್ಬುಡು, ಮುಗ್ದೋಯ್ತದೆ!"

"ನೀವ್ ಒಂದಿನ ಏಳಿದ್ರಾ, ಇದಕ್ಕೆ ಉಣ್ಸೆಣ್ಣು ಆಗಲ್ಲ ಅಂತ?"

"ಸೈಕಲ್ಲಿಗೆ ಉಣ್ಸೆಣ್ಣು ಆಕ್ಬೇಡಿ ಅಂತ ಪ್ರಪಂಚದಲ್ಲಿ ಯಾವ ಗಂಡ ಏಳ್ತಾನೆ?"

ಒಳಗಿನಿಂದ ಅವನ ತಾಯಿ ಅಕ್ಕಯ್ಯಮ್ಮ, "ಲೇ ಕೋದಂಡ, ಬೆಳ್ ಬೆಳಿಗ್ಗೆ ಏನ್ಲಾ ಅದು ಕೂಗಾಟ? ದೇವುಡಾ, ಬೀಗರು ಇನ್ನೇನು ರೈಲು ಇಳೀತಾರೆ" ಎಂದಳು.

ಅದೇ ಕೊನೆ. ಅವತ್ತಿನಿಂದ ಕೋದಂಡಪ್ಪ ಹೆಂಡತಿಯೊಂದಿಗೆ ಮಾತು ಬಿಟ್ಟ.

ಬೀಗರು ಬಂದಾಗ ಸೈಕಲ್ಲಿನ ಮೇಲೆ ಕಂಬಳಿ ಹೊದಿಸಿತ್ತು. ಶ್ರೀನಿವಾಸಪ್ಪ ಕಂಬಳಿಯ ಕಡೆಗೇ ನೋಡುತ್ತಾ ಕಾಫಿ ಕುಡಿದ. "ಮಾವಾ, ಅದು..." ಎಂದು ಶುರು ಮಾಡುತ್ತಿದ್ದಂತೆ ಕೋದಂಡಪ್ಪ, "ಓವರಾಲ್ ಮಾಡ್ತಾ ಇವ್ನಿ. ಪೂರ್ತಿ ಬಿಚ್ಚಿ ಓವರಾಲ್" ಎಂದು ಮಾತು ಮುಗಿಸಿದ. ಲಗ್ನ ವೈಶಾಖಕ್ಕೆ ಗೊತ್ತಾಯಿತು. ಅಮ್ಮಾಜಮ್ಮ ಪರದೆಯ ಹಿಂದೆ ನಿಂತು ತಾಂಬೂಲದ ತಟ್ಟೆ ಜೋಡಿಸುತ್ತಿದ್ದಳು. ಬೀಗಿತ್ತಿ ತಟ್ಟೆಯ ಹೊಳಪನ್ನು ಮೆಚ್ಚಿಕೊಂಡಾಗ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಾತು ಬಿಟ್ಟವನು ಊಟ ಬಿಡಲಿಲ್ಲ. ಮುದ್ದೆಗೆ ಸರಿಯಾಗಿ ಬಂದು ಮಣೆ ಹಾಕಿಕೊಂಡು ಕೂರುತ್ತಿದ್ದ. ಏನು ಬೇಕಾದರೂ ಮಗಳ ಮೂಲಕ.

"ವರಲಕ್ಷ್ಮಿ, ಇನ್ನೊಂದು ಮುದ್ದೆ ಆಕೋಕೆ ಏಳಮ್ಮಾ."

ಅಮ್ಮಾಜಮ್ಮ ಅವನ ಮುಂದೆಯೇ ಮುದ್ದೆ ಹಿಡಿದು ನಿಂತಿರುತ್ತಿದ್ದಳು. ವರಲಕ್ಷ್ಮಿ ಅಪ್ಪನ ಕಡೆ ನೋಡಿ, ಅಮ್ಮನ ಕಡೆ ನೋಡಿ, "ಅಮ್ಮಾ, ಅಪ್ಪನಿಗೆ ಮುದ್ದೆಯಂತೆ" ಎನ್ನುತ್ತಿದ್ದಳು.

"ಎಷ್ಟು ದೊಡ್ದು ಅಂತ ಕೇಳು."

"ಅಪ್ಪಾ, ಎಷ್ಟು ದೊಡ್ದಂತೆ?"

"ನೀವಿಬ್ರೂ ಇಂಗೇ ಮಾತಾಡ್ತಾ ಇರಿ, ಸಾರು ಆರೋಗ್ಲಿ" ಎಂದು ಅಕ್ಕಯ್ಯಮ್ಮ ಗದರುತ್ತಿದ್ದಳು. "ಈ ಮಗು ಮದ್ವೆಯಾಗಿ ಓದ್ಮೇಲೆ ಏನ್ಲಾ ಮಾಡ್ತೀಯ? ಟಪಾಲಿನೋನ್ನ ಮನೇಲಿ ಇಟ್ಕೊತೀಯಾ?"

ಕೋದಂಡಪ್ಪ ಸಾರನ್ನು ಬೆರಳಲ್ಲಿ ಅದ್ದಿ ನೆಕ್ಕಿ, "ಉಳಿ ಚೆನ್ನಾಗೈತೆ ಅಂತ ಏಳು. ಸೈಕಲ್ಲಿಗೆ ಆಕಿ ಮಿಕ್ಕಿದ್ದೋ ಏನೋ" ಎಂದ.

ಆ ಮಾತಿಗೆ ಅಮ್ಮಾಜಮ್ಮನಿಗೆ ಕೋಪ ಬಂತು. ಮಾರನೆಯ ದಿನದಿಂದ ಹುಣಸೆಹಣ್ಣಿನ ಮಡಕೆಗೆ ಬಟ್ಟೆ ಬಿಗಿದು ಕಟ್ಟಿ ಅಟ್ಟಕ್ಕೆ ಹಾಕಿದಳು. ಸೊಪ್ಪಿನ ಸಾರು ಸಪ್ಪೆ, ಹುರುಳಿ ಸಾರು ಸಪ್ಪೆ, ಬದನೆಕಾಯಿ ಸಾರಂತೂ ಬಾಯಿಗೆ ಇಡುವಂತಿರಲಿಲ್ಲ. ಇಡೀ ವಾರ ಎಲ್ಲರೂ ಅದನ್ನೇ ಉಂಡರು. ಕೊನೆಗೆ ಅಕ್ಕಯ್ಯಮ್ಮನೇ ತಟ್ಟೆ ಸರಿಸಿ, "ಅಮ್ಮಾಜಿ, ತಪ್ಪು ಮಾಡ್ದೋಳು ನೀನು, ಮಾತು ಬಿಟ್ಟೋನು ಅವ್ನು. ನನ್ನ ನಾಲ್ಗೆ ಏನು ಪಾಪ ಮಾಡ್ತಮ್ಮಾ?" ಎಂದಾಗ ಮಡಕೆ ಕೆಳಗಿಳಿಯಿತು.

ಯುಗಾದಿಗೆ ಬೇವುಬೆಲ್ಲ ಕೊಟ್ಟಾಗಲೂ ಅವನು ಕೈಯೊಡ್ಡಿ ತೆಗೆದುಕೊಂಡನೇ ಹೊರತು ತುಟಿ ಬಿಚ್ಚಲಿಲ್ಲ. ಚಕ್ರಗಳೆರಡನ್ನೂ ಸೈಕಲ್ಲಿನಿಂದ ಕಳಚಿ, ಶಾಪಿನ ಗೋಡೆಗೆ ಮೊಳೆ ಹೊಡೆದು ಎತ್ತರಕ್ಕೆ ನೇತುಹಾಕಿದ್ದ. ಅದರ ಕೆಳಗೆ ಕೂತು ಬೇರೆಯವರ ಪಂಕ್ಚರ್ ಹಾಕುತ್ತಿದ್ದ. ಆ ಅಳತೆಯ ರಿಮ್ಮು ಗಣಿಯೂರಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ಇಲ್ಲಿನ ಸೈಕಲ್ಲುಗಳದೆಲ್ಲ ಅದಕ್ಕಿಂತ ದೊಡ್ಡ, ದಪ್ಪ ಚಕ್ರ.

ಅಮ್ಮಾಜಮ್ಮನ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಒಂದೇ. ಧಾರೆಗೆ ಗಂಡ ಹೆಂಡತಿ ಒಟ್ಟಿಗೆ ನಿಂತು ನೀರೆರೆಯಬೇಕು. ಒಬ್ಬಳೇ ಮಗಳು. ಮಾತಿಲ್ಲದ ಕೈಗಳಿಂದ ಅವಳನ್ನು ಕೊಟ್ಟು ಕಳಿಸುವುದು ಹೇಗೆ? ಅವನ ಕಾಲು ಹಿಡಿಯಲು ಅವಳು ತಯಾರಿರಲಿಲ್ಲ. ಸುಮ್ಮನೆ ಕೂರಲೂ ಆಗಲಿಲ್ಲ.

ಒಂದು ಮಧ್ಯಾಹ್ನ ಗಂಡ ಮಲಗಿದ್ದಾಗ ಮುಕ್ಕಾಲಿ ಹತ್ತಿ ಚಕ್ರವೊಂದನ್ನು ಇಳಿಸಿಕೊಂಡಳು. ಹೊಲಿಗೆ ದಾರವನ್ನು ರಿಮ್ಮಿನ ಸುತ್ತ ಹಾಯಿಸಿ ಅಳತೆಗೆ ಕತ್ತರಿಸಿದಳು. ಚಕ್ರದ ಕಡ್ಡಿ ಎಷ್ಟು ಎಂದು ಎಣಿಸಲು ಹೋದರೆ ಎರಡು ಸಲ ಎರಡು ಲೆಕ್ಕ ಬಂತು. ಆಮೇಲೆ ಒಂದೊಂದು ಕಡ್ಡಿಗೆ ಒಂದೊಂದು ಹುಣಸೆಬೀಜ ಬಟ್ಟೆಗೆ ಹಾಕಿ ಗಂಟು ಕಟ್ಟಿದಳು.

"ಅತ್ತೆ, ಮದ್ವೆಗೆ ಮೆಣ್ಸಿನ್ಕಾಯಿ ತರೋಕೆ ಬಂಗಾರಪೇಟೆ ಸಂತೆಗೆ ಓಗ್ಬರಾಣ" ಎಂದಳು ಅಕ್ಕಯ್ಯಮ್ಮನಿಗೆ.

"ಮೆಣ್ಸಿನ್ಕಾಯಿ ಇಲ್ಲಿ ಸಿಗಲ್ವೇನೆ?"

"ಅಲ್ಲಿ ಸ್ಟೇಷನ್ ಪಕ್ಕದಲ್ಲೇ ಸಿಗ್ತದಂತೆ."

ಅಕ್ಕಯ್ಯಮ್ಮ ಸೊಸೆಯ ಮಡಿಲಲ್ಲಿದ್ದ ಗಂಟನ್ನು ನೋಡಿದಳು. "ಸರಿ. ರೈಲಲ್ಲಿ ನನಗೆ ಕಿಟಕಿ ಪಕ್ಕ ಕೊಡ್ಬೇಕು" ಎಂದಷ್ಟೇ ಹೇಳಿದಳು.

ಉರಿಗಾಂ ಸ್ಟೇಷನ್ನಿನಿಂದ ಬಂಗಾರಪೇಟೆಗೆ ರೈಲು ತೂಗಾಡುತ್ತಾ ಹೊರಟಿತು. ಗೂಡ್ಸ್ ಆಫೀಸಿನಲ್ಲಿ ಶ್ರೀನಿವಾಸಪ್ಪ ಕಡ್ಲೆಕಾಯಿ ಮೂಟೆಗಳ ನಡುವೆ ನಿಂತಿದ್ದ. ಆಗಬೇಕಾದ ಅತ್ತೆಯೂ ಅವಳ ಅತ್ತೆಯೂ ಬಾಗಿಲಲ್ಲಿ ಪ್ರತ್ಯಕ್ಷರಾದದ್ದು ಕಂಡು ಅವನ ಮುಖ ಬಿಳಿಚಿಕೊಂಡಿತು.

"ಅತ್ತೆ! ಏನಾಯ್ತು? ಮದ್ವೆ..."

"ಮದ್ವೆಗೇನಿಲ್ಲಪ್ಪಾ" ಎಂದು ಅಮ್ಮಾಜಮ್ಮ ನೆಲ ನೋಡುತ್ತಾ ಹೇಳಿದಳು. "ನಿಮ್ಮ ಸೈಕಲ್ ಓವರಾಲ್ ಮಾಡ್ತಿಲ್ಲ. ಅದರ ರಿಮ್ಮಿಗೆ ನಾನು ಉಣ್ಸೆಣ್ಣು ಆಕಿ ತಿಕ್ಬುಟ್ಟೆ. ಎರಡೂ ಆಳಾಗೋಯ್ತು. ನಿಮ್ಮ ಮಾವ ನನ್ನ ಜೊತೆ ಮಾತಾಡ್ತಾ ಇಲ್ಲ."

ಶ್ರೀನಿವಾಸಪ್ಪ ಒಂದು ಗಳಿಗೆ ಗಂಭೀರವಾಗಿರಲು ಬಹಳ ಕಷ್ಟಪಟ್ಟ. ಆಮೇಲೆ ಮೂಟೆಯ ಮೇಲೆ ಕೂತು ನಕ್ಕ.

"ಅತ್ತೆ, ನಮ್ಮಮ್ಮ ನನ್ನ ಕೈಗಡಿಯಾರಕ್ಕೆ ಸೀಗೆಪುಡಿ ಆಕಿ ತೊಳೆದವ್ಳೆ. ನಾನು ಮೂರ್ ದಿನ ಅನ್ನ ಬಿಟ್ಟಿದ್ದೆ."

"ಈವಾಗ ನಡೀತದಾ ಅದು?" ಎಂದಳು ಅಕ್ಕಯ್ಯಮ್ಮ.

"ಇಲ್ಲ ಅಜ್ಜಿ. ಆದ್ರೆ ತುಂಬ ಮಡಿಯಾಗೈತೆ."

ಅಮ್ಮಾಜಮ್ಮನಿಗೂ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಬಂದ ನಗು. ದಾರ, ಬೀಜದ ಗಂಟು ಎರಡನ್ನೂ ಅವನ ಮೇಜಿನ ಮೇಲಿಟ್ಟಳು. "ಬೆಂಗಳೂರಲ್ಲಿ ಎಲ್ಲಾ ತರದ್ದೂ ಸಿಗ್ತದಂತೆ. ಇದೇ ಅಳತೆ, ಇಷ್ಟೇ ತೂತು."

"ರಜದ ದಿನ ಓಗಿ ತತ್ತೀನಿ. ಆದ್ರೆ ಅತ್ತೆ, ಒಂದ್ ಮಾತು. ನಾನು ಸೈಕಲ್ ನೋಡಿ ಒಪ್ಪಿದ್ದು ಅಂತ ವರಲಕ್ಷ್ಮಿ ಏನಾದ್ರೂ..."

"ಅಂದ್ಕೊಂಡವ್ಳೆ" ಎಂದಳು ಅಕ್ಕಯ್ಯಮ್ಮ ಥಟ್ಟನೆ. ಹುಡುಗನ ಕಿವಿಗಳು ಕೆಂಪಾದವು.

ಮುಂದಿನ ವಾರ ಅವನು ಎರಡು ಹೊಸ ರಿಮ್ಮುಗಳನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ಉರಿಗಾಂನಲ್ಲಿ ಇಳಿದು ನಡೆದೇ ಬಂದ. ಮಾರ್ಕೆಟ್ಟಿನ ಮಂದಿಯೆಲ್ಲ ತಿರುಗಿ ನೋಡಿದರು. ಲಗ್ನ ಗೊತ್ತಾದ ಮೇಲೆ ಧಾರೆಯವರೆಗೆ ಅಳಿಯ ಮನೆಯೊಳಗೆ ಕಾಲಿಡಬಾರದೆಂದು ಶಾಪಿನ ಬಾಗಿಲಲ್ಲೇ ನಿಂತ. ಪರದೆಯ ಸಂದಿಯಲ್ಲಿ ವರಲಕ್ಷ್ಮಿಯ ಒಂದು ಕಣ್ಣು ಕಂಡಿತೆಂದು ಆಮೇಲೆ ತಾನೇ ಹೇಳಿಕೊಂಡ. ಆ ಕಣ್ಣನ್ನು ನೋಡುತ್ತಲೇ ದೊಡ್ಡ ದನಿಯಲ್ಲಿ, "ಮಾವಾ, ನಾನು ಸೈಕಲ್ಲಿಗೆ ಆಸೆಪಟ್ಟು ಒಪ್ಕೊಂಡೋನಲ್ಲ. ಸೈಕಲ್ ಇಲ್ದಿದ್ರೂ ನಡ್ಕೊಂಡೇ ಬತ್ತಿದ್ದೆ" ಎಂದ.

ಪರದೆ ಅಲುಗಿತು. ಒಳಗೆ ಯಾರೋ ನಕ್ಕ ಸದ್ದು.

ಹೆಂಡತಿ ಬಂಗಾರಪೇಟೆಗೆ ಹೋಗಿ ಹುಡುಗನ ಮುಂದೆ ಎಲ್ಲ ಒಪ್ಪಿಸಿ ಬಂದಿದ್ದು ಕೋದಂಡಪ್ಪನಿಗೆ ಗೊತ್ತಾದದ್ದು ಆಗಲೇ. ಮುಖ ಬಿಗಿಯಾಯಿತು. ರಿಮ್ಮುಗಳನ್ನು ತೆಗೆದುಕೊಂಡು ಒಂದೊಂದನ್ನೇ ಬೆರಳಲ್ಲಿ ತಿರುಗಿಸಿ, ತೂತು ಎಣಿಸಿ, ಒಂದನ್ನು ಪಕ್ಕಕ್ಕಿಟ್ಟ. ಹುಡುಗ ಹೋದ ಮೇಲೆ ಒಳಗೆ ಬಂದು ಮಗಳಿಗೆ ಹೇಳಿದ:

"ನಿಮ್ಮಮ್ಮನಿಗೆ ಏಳು. ಇದೇನು ಬಂಡಿ ಚಕ್ರನಾ, ಎರಡೂ ಒಂದೇ ತರ ಇರೋಕೆ? ಮುಂದಿನ ಚಕ್ರಕ್ಕೆ ಮೂವತ್ತೆರಡು ಕಡ್ಡಿ, ಇಂದಿನದಕ್ಕೆ ನಲವತ್ತು. ತುಳಿಯೋ ಬಲ ಇಂದೆ ಬೀಳ್ತದೆ, ಮೈ ಭಾರನೂ ಇಂದೇನೇ. ಅದಕ್ಕೇ ಅಲ್ಲಿ ಕಡ್ಡಿ ಜಾಸ್ತಿ. ಈ ಎರಡ್ರಲ್ಲಿ ಒಂದು ವೇಸ್ಟು ಅಂತ ಏಳು."

ವರಲಕ್ಷ್ಮಿ ಬಾಯಿ ತೆರೆಯುವಷ್ಟರಲ್ಲಿ ಅಕ್ಕಯ್ಯಮ್ಮ, "ಲೇ, ಇಷ್ಟುದ್ದ ಮಾತಾಡಿ ಎಷ್ಟು ದಿನ ಆಯ್ತಲಾ ನೀನು! ನೆತ್ತಿಗೇರೀತು, ನೀರು ಕುಡಿ" ಎಂದಳು.

ಅಮ್ಮಾಜಮ್ಮ ಒಲೆಯ ಮುಂದೆಯೇ ಇದ್ದಳು. ತಿರುಗಲಿಲ್ಲ. ಆದರೆ ಸಂಜೆ ಹಿಟ್ಟು ಜರಡಿ ಹಿಡಿಯಲು ಕೂತಾಗ ಜರಡಿಯ ಪಕ್ಕದಲ್ಲಿ ಒಂದು ಬಟ್ಟೆಯ ಗಂಟು ಇತ್ತು. ಬಿಚ್ಚಿ ನೋಡಿದಳು. ಹುಣಸೆಬೀಜ. ಯಾರೋ ಮಡಕೆಯಲ್ಲಿ ಕೈಯಾಡಿಸಿ, ಹಿಂದಿನ ಚಕ್ರದ ಕಡ್ಡಿಗೆ ಒಂದರಂತೆ ಆರಿಸಿ ತೆಗೆದಿದ್ದರು. ಗಂಟು ಹಾಕಿದ್ದು ಟ್ಯೂಬಿನ ರಬ್ಬರಿನಿಂದ.

ಅವಳು ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಂಗಾರಪೇಟೆ ಕಡೆಯ ಹಾಲಿನವನ ಕೈಲಿ ಅದು ಶ್ರೀನಿವಾಸಪ್ಪನಿಗೆ ಸೇರಿತು. ಹಿಂದಿನ ರಿಮ್ಮೂ ಬಂತು.

ಇನ್ನೊಂದು ತೊಡಕಿತ್ತು. ಅಂಥ ಚಕ್ರಕ್ಕೆ ರಿಮ್ಮು ಬದಲಿಸುವಾಗ ಕೋದಂಡಪ್ಪ ಕಡ್ಡಿಗಳನ್ನೆಲ್ಲ ಒಮ್ಮೆಗೇ ಬಿಚ್ಚುತ್ತಿರಲಿಲ್ಲ. ಹಳೆಯ ರಿಮ್ಮಿನ ಮಗ್ಗುಲಿಗೆ ಹೊಸದನ್ನು ತೂತಿಗೆ ತೂತು ಸರಿಹೊಂದಿಸಿ ದಾರದಿಂದ ಕಟ್ಟುತ್ತಿದ್ದ. ಆಮೇಲೆ ಹಳೆಯದರಿಂದ ಒಂದು ಕಡ್ಡಿ ಬಿಡಿಸಿ ಹೊಸದಕ್ಕೆ ದಾಟಿಸುವುದು, ತುಕ್ಕು ತಿಂದಿದ್ದರೆ ಅದರ ಜಾಗಕ್ಕೆ ಹೊಸ ಕಡ್ಡಿ ಕೊಡುವುದು, ಮತ್ತೆ ಮುಂದಿನದು. ಹೀಗೆ ಮಾಡಿದರೆ ಯಾವ ಕಡ್ಡಿ ಯಾವುದರ ಮೇಲೆ ಹಾಯ್ದಿತ್ತೋ ಆ ನೇಯ್ಗೆ ತಪ್ಪುವುದಿಲ್ಲ. ಆದರೆ ಅದಕ್ಕೆ ಇಬ್ಬರು ಬೇಕು. ಒಬ್ಬರು ಎರಡು ರಿಮ್ಮನ್ನೂ ಜಾರದಂತೆ ಹಿಡಿಯಬೇಕು. ಅವನ ತಮ್ಮ ಇದ್ದಾಗ ಹಿಡಿಯುತ್ತಿದ್ದ. ಅವನು ಗಣಿ ಕೆಲಸಕ್ಕೆ ಸೇರಿದ್ದ. ವರಲಕ್ಷ್ಮಿಗೆ ಅರಿಶಿನ ಹಚ್ಚುವ ದಿನ ಹತ್ತಿರವಾಗಿ ಗ್ರೀಸು ಮುಟ್ಟಬಾರದೆಂದು ಅಕ್ಕಯ್ಯಮ್ಮನ ಕಟ್ಟಾಜ್ಞೆ.

ಕೋದಂಡಪ್ಪ ಶಾಪಿನಲ್ಲಿ ಚಕ್ರ ಮುಂದಿಟ್ಟುಕೊಂಡು ಒಬ್ಬನೇ ಹೆಣಗಾಡುತ್ತಿದ್ದ. ಒಂದು ಕಾಲಲ್ಲಿ ರಿಮ್ಮು ಒತ್ತಿ, ಮೊಣಕೈಲಿ ಇನ್ನೊಂದನ್ನು ತಡೆದು, ಬಾಯಲ್ಲಿ ಕಡ್ಡಿ ಕಚ್ಚಿಕೊಂಡು. ದಾರ ಸಡಿಲಾಗಿ ಎರಡೂ ಬೇರೆಯಾದವು. ಮತ್ತೆ ಕಟ್ಟಿದ. ಮತ್ತೆ ಜಾರಿತು. ಅಮ್ಮಾಜಮ್ಮ ಪರದೆ ಸರಿಸಿ ಬಂದು, ಎದುರಿಗೆ ಕೂತು, ಸೆರಗು ಸಿಕ್ಕಿಸಿ, ಎರಡು ರಿಮ್ಮನ್ನೂ ಸೇರಿಸಿ ಹಿಡಿದಳು. ಮುದ್ದೆ ಕೂಡಿಸಿದ ಕೈ, ಅಲುಗಲಿಲ್ಲ.

ಅವನು ತಲೆಯೆತ್ತಿದ. ಬಾಯಲ್ಲಿ ಕಡ್ಡಿ ಇತ್ತು. ಮಾತಾಡದಿರಲು ಅದೊಂದು ನೆಪವಾಯಿತು.

ಅವನು ಕೈ ಚಾಚಿದರೆ ಅವಳು ಕಡ್ಡಿ ಕೊಡುತ್ತಿದ್ದಳು. ಗಲ್ಲ ಎತ್ತಿದರೆ ಚಕ್ರ ತಿರುಗಿಸುತ್ತಿದ್ದಳು. ಹೊರಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಒಳಗೆ ಅಕ್ಕಯ್ಯಮ್ಮ ಹಪ್ಪಳ ಲಟ್ಟಿಸುವ ಹೆಂಗಸರಿಗೆ ಬೈಯುತ್ತಿದ್ದಳು. ಸಂಜೆಗೆ ಮುಂದಿನ ಚಕ್ರ ಮುಗಿಯಿತು. ಅದನ್ನು ಫೋರ್ಕಿಗೆ ಸಿಕ್ಕಿಸಿ, ರಿಮ್ಮಿನ ಪಕ್ಕಕ್ಕೆ ಸೀಮೆಸುಣ್ಣ ಹಿಡಿದು ತಿರುಗಿಸಿದ. ಸುಣ್ಣ ತಾಗಿದ ಕಡೆ ಬೆಂಡು. ಅಲ್ಲಿ ಚಾವಿ ಹಾಕಿ ಆ ಮಗ್ಗುಲಿನ ಕಡ್ಡಿ ಸಡಿಲಿಸಿದ, ಎದುರು ಮಗ್ಗುಲಿನದನ್ನು ಬಿಗಿದ. ಸುಣ್ಣ ಎಲ್ಲೂ ತಾಗದೆ ಚಕ್ರ ತಿರುಗಿದಾಗ ಅಮ್ಮಾಜಮ್ಮನಿಗೆ ಚಪ್ಪಾಳೆ ತಟ್ಟಬೇಕೆನಿಸಿತು.

ಮಾರನೆಯ ದಿನ ಹಿಂದಿನ ಚಕ್ರ. ರಿಮ್ಮಿನ ಒಳಗೆ ಕಡ್ಡಿಯ ತುದಿ ಟ್ಯೂಬಿಗೆ ಚುಚ್ಚದಂತೆ ಸುತ್ತಿದ್ದ ಬಟ್ಟೆಯ ಪಟ್ಟಿಯನ್ನು ತೆಗೆಯಬೇಕಿತ್ತು. ಅದಕ್ಕೆ ಕೈ ಹಾಕುವ ಮೊದಲು ಅವನು ಖಾಲಿ ಚೊಂಬನ್ನು ಅವಳ ಕಡೆ ತಳ್ಳಿದ. ನೀರು. ಮುಂದಿನ ಚಕ್ರಕ್ಕೂ ಅದೇ ಹೊತ್ತಿನಲ್ಲಿ ನೀರು ಕೇಳಿದ್ದನೆಂದು ಅಮ್ಮಾಜಮ್ಮನಿಗೆ ನೆನಪಾಯಿತು. ಅವಳು ಎದ್ದು ಹೋದಳು. ಪರದೆಯ ಆಚೆ ತುಂಬಿಟ್ಟಿದ್ದ ಇನ್ನೊಂದು ಚೊಂಬನ್ನು ತೆಗೆದುಕೊಂಡು, ಹೋದಷ್ಟೇ ಬೇಗ ಬಂದಳು.

ಪಟ್ಟಿ ಅರ್ಧ ಬಿಚ್ಚಿತ್ತು. ರಿಮ್ಮಿನ ಒಳಗೆ ತುಕ್ಕು ರಾಗಿ ಹೊಟ್ಟಿನ ಹಾಗೆ ದಪ್ಪಗೆ ಕೂತಿತ್ತು. ಒಂದು ತೂತಿನಿಂದ ಇನ್ನೊಂದು ತೂತಿಗೆ ಬಿರುಕು. ಅವನ ಬೆರಳ ಪಕ್ಕದಲ್ಲಿ ಕಬ್ಬಿಣದ ಚೂರೊಂದು ತಾನಾಗಿಯೇ ಉದುರಿ ನೆಲಕ್ಕೆ ಬಿತ್ತು.

ರೊಟ್ಟಿ ಹೆಂಚು, ಬಾಣಲೆ, ಒಲೆಯ ಕಂಬಿ, ಕಬ್ಬಿಣವನ್ನು ಹುಟ್ಟಿದಾಗಿನಿಂದ ತೊಳೆದವಳು ಅಮ್ಮಾಜಮ್ಮ. ಒಂದು ರಾತ್ರಿಯ ಹುಣಸೆಹುಳಿಗೆ ಇಂಥ ತುಕ್ಕು ಹತ್ತುವುದಿಲ್ಲ. ಇದು ವರ್ಷಗಳದ್ದು. ವರ್ಷಗಟ್ಟಲೆ ನೀರು ಒಳಗೆ ಇಳಿದು, ಹೊರಬರಲು ದಾರಿಯಿಲ್ಲದೆ ಕೂತು ತಿಂದದ್ದು. ಆಯುಧಪೂಜೆಯ ಕೊಡಗಟ್ಟಲೆ ನೀರು.

ಕೋದಂಡಪ್ಪ ಪಟ್ಟಿಯ ಮೇಲೆ ಕೈಯಿಟ್ಟು ಮುಚ್ಚಿದ. ಅವಳು ಚೊಂಬನ್ನು ಕೆಳಗಿಟ್ಟು, ಏನೂ ಕಾಣದವಳಂತೆ ಕೂತು, ರಿಮ್ಮುಗಳನ್ನು ಹಿಡಿದುಕೊಂಡಳು. ಆ ಸಂಜೆಯವರೆಗೂ ಇಬ್ಬರೂ ಚಕ್ರದ ಆಚೆ ಈಚೆ ಕೂತಿದ್ದರು. ಅವಳು ಒಂದೆರಡು ಸಲ ತುಟಿ ಕಚ್ಚಿಕೊಂಡು ನಕ್ಕಳು. ಅವನು ಎರಡು ಕಡ್ಡಿಗಳನ್ನು ತಪ್ಪು ತೂತಿಗೆ ಹಾಕಿ ಬಿಚ್ಚಿದ. ಅಂಥ ತಪ್ಪು ಅವನ ಕೈಯಲ್ಲಿ ಆದದ್ದನ್ನು ಅವಳು ನೋಡಿರಲಿಲ್ಲ.

ರಾತ್ರಿ ಊಟಕ್ಕೆ ಅವರೆಬೇಳೆ ಸಾರು. ಕೋದಂಡಪ್ಪ ತಲೆ ತಗ್ಗಿಸಿ ಉಂಡ. ಹುಳಿಯ ಬಗ್ಗೆ ಮಾತೇ ಬರಲಿಲ್ಲ.

"ಏನ್ಲಾ, ಸಾರು ಎಂಗೈತೆ ಅಂತ ಏಳಿ ಕಳಿಸ್ಲಿಲ್ಲ?" ಎಂದು ಅಕ್ಕಯ್ಯಮ್ಮ ಕೆದಕಿದಳು. "ಟಪಾಲಿಗೆ ರಜವಾ?"

"ಚೆನ್ನಾಗೈತೆ" ಎಂದ ಯಾರನ್ನೂ ನೋಡದೆ.

ಮದುವೆಗೆ ಇನ್ನು ನಾಲ್ಕೈದು ದಿನ. ಬೆಳಗಿನ ಬಿಸಿಲಿಗೆ ದೊರೆ ಸೈಕಲ್ಲು ಹೊಸ ಚಕ್ರಗಳ ಮೇಲೆ ಬೀದಿಯಲ್ಲಿ ನಿಂತಿತ್ತು. ಚಪ್ಪರ ಹಾಕಲು ಬಂದವರು, ಎದುರು ಮನೆಯ ಮಾರಿಯಮ್ಮ, ಎಲ್ಲರೂ ಸುತ್ತ ಸೇರಿದರು. ಆದರೂ ಕೆಲಸ ಮುಗಿದಿರಲಿಲ್ಲ. ಹೊಸದಾಗಿ ಕಟ್ಟಿದ ಚಕ್ರಕ್ಕೆ ಭಾರ ಹಾಕಿ ಒಂದು ಸುತ್ತು ತುಳಿದು ಬರದೆ ಕೋದಂಡಪ್ಪ ಯಾರಿಗೂ ಗಾಡಿ ಕೊಡುತ್ತಿರಲಿಲ್ಲ. ಭಾರ ಬಿದ್ದಾಗ ಕಡ್ಡಿಗಳು ಟಿಣ್ ಟಿಣ್ ಎಂದು ಸದ್ದು ಮಾಡುತ್ತಾ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಸದ್ದು ನಿಂತರೆ ಚಕ್ರ ಕೂತಿತೆಂದು ಅರ್ಥ. ಬೇರೆ ಸೈಕಲ್ಲಿಗೆ ಕ್ಯಾರಿಯರ್ ಮೇಲೆ ರಾಗಿ ಮೂಟೆ ಕಟ್ಟುತ್ತಿದ್ದ. ಇದಕ್ಕೆ ಕ್ಯಾರಿಯರ್ರೇ ಇಲ್ಲ.

"ಮುಂದಿನ ಬಾರ್ ಮೇಲೆ ಯಾರಾದ್ರೂ ಕೂರ್ಬೇಕು" ಎಂದ.

"ನಾನ್ ಕೂತ್ಕೊತೀನಿ!" ಎಂದು ಅಕ್ಕಯ್ಯಮ್ಮ ಜಗುಲಿಯಿಂದ ಇಳಿದೇಬಿಟ್ಟಳು.

"ಅವ್ವಾ, ನೀನು ಭಾರ ಆಯ್ತೀಯಾ? ಗಾಳಿ ಬಂದ್ರೆ ಆರೋಯ್ತೀಯ."

ಎಲ್ಲರೂ ನಕ್ಕರು. ಕೋದಂಡಪ್ಪ ಹ್ಯಾಂಡಲ್ಲು ಹಿಡಿದು ನಿಂತು, ಬಾಗಿಲಲ್ಲಿದ್ದ ಮಗಳ ಕಡೆ ತಿರುಗಿದ. "ವರಲಕ್ಷ್ಮಿ, ನಿಮ್ಮಮ್ಮನಿಗೆ ಏಳಮ್ಮಾ, ಬಾರ್ ಮೇಲೆ ಕೂತ್ಕೊಳೋಕೆ."

ಕೆನ್ನೆಯ ತುಂಬ ಅರಿಶಿನ ಹಚ್ಚಿಕೊಂಡಿದ್ದ ವರಲಕ್ಷ್ಮಿ ಕೈ ಕಟ್ಟಿ ನಿಂತಳು. "ನಾನು ಮದ್ವೆ ಎಣ್ಣು. ನಾನ್ಯಾಕೆ ಏಳ್ಲಿ? ನೀನೇ ಏಳು."

ಅಮ್ಮಾಜಮ್ಮ ಹೊಸಿಲ ಮೇಲಿದ್ದಳು. ಕೈಯಲ್ಲಿ ಅಕ್ಕಿ ತುಂಬಿದ ಮೊರ. ಒಳಗೆ ಹೋಗಲೂ ಇಲ್ಲ, ಮುಂದೆ ಬರಲೂ ಇಲ್ಲ. ಚಪ್ಪರದವನೊಬ್ಬ ಗಳುವನ್ನು ಹೆಗಲ ಮೇಲೆ ಹೊತ್ತು ಹಾಗೇ ನಿಂತ. ಕೋದಂಡಪ್ಪ ಬೆಲ್ಲನ್ನು ಒರೆಸಿದ. ಸೀಟನ್ನು ಒರೆಸಿದ. ಒರೆಸಲು ಇನ್ನೇನೂ ಉಳಿಯಲಿಲ್ಲ.

"ಅಮ್ಮಾಜಿ" ಎಂದ. ಇನ್ನೊಂದು ಸಲ ಹೇಳಿದ. "ಅಮ್ಮಾಜಿ, ಬತ್ತೀಯಾ?"

ಅವಳು ಮೊರವನ್ನು ಮಾರಿಯಮ್ಮನ ಕೈಗೆ ಕೊಟ್ಟಳು. ಹೆಗಲ ಮೇಲೆ ಸೆರಗು ಹೊದ್ದು, ಸೀರೆ ಎತ್ತಿ ಸರಿಮಾಡಿಕೊಂಡು, ಬಾರ್ ಮೇಲೆ ಒಂದು ಮಗ್ಗುಲಾಗಿ ಕೂತಳು. ಸೈಕಲ್ ಶಾಪಿನವನ ಹೆಂಡತಿಯಾಗಿ ಇಷ್ಟು ವರ್ಷದಲ್ಲಿ ಸೈಕಲ್ಲು ಹತ್ತಿದ್ದು ಅದೇ ಮೊದಲು.

ಬೀದಿ ದಾಟುವವರೆಗೂ ಗಾಡಿ ಹಾವಿನ ಹಾಗೆ ಹರಿಯಿತು. ಅವಳು ಬಾಗಿದ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಕೆಳಗೆ ಟಿಣ್, ಟಿಣ್ ಎಂದು ಸದ್ದು.

"ಮುರೀತಾ ಅವೆ!"

"ಮುರೀತಾ ಇಲ್ಲ ಕಣೇ, ಕೂರ್ತಾ ಅವೆ. ಅಲ್ಲಾಡ್ಬೇಡ."

ಚಾಂಪಿಯನ್ ರೀಫ್ಸ್ ರಸ್ತೆಗೆ ಬಂದಾಗ ಅವಳು ಕಣ್ಣು ಬಿಟ್ಟಳು. ದೂರದಲ್ಲಿ ಗಣಿ ಮಣ್ಣಿನ ಬಿಳಿಯ ದಿಬ್ಬಗಳು, ಗಣಿಬಾವಿಯ ಮೇಲಿನ ದೊಡ್ಡ ಕಬ್ಬಿಣದ ಚಕ್ರ. ಪಾಳಿ ಮುಗಿಸಿ ಬರುತ್ತಿದ್ದ ಕೆಲಸಗಾರರಲ್ಲಿ ಒಬ್ಬ ಟೋಪಿ ತೆಗೆದು, "ಏನಣ್ಣಾ, ಪುದು ಮಾಪ್ಳೆಯಾ?" ಎಂದು ಕೂಗಿದ. ಹೊಸ ಮದುವೆ ಗಂಡಾ ನೀನು ಎಂದು ಕೇಳಿದ್ದು ಅಮ್ಮಾಜಮ್ಮನಿಗೆ ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೋದಂಡಪ್ಪ ಬೆಲ್ಲು ಬಾರಿಸಿದ.

ಏರಿನಲ್ಲಿ ಅವನ ಉಸಿರು ಅವಳ ಕಿವಿಯ ಪಕ್ಕದಲ್ಲೇ ಕೇಳಿಸುತ್ತಿತ್ತು.

"ಅಮ್ಮಾಜಿ, ಆ ಅಳೇ ರಿಮ್ಮು..."

"ಗೊತ್ತು."

"ಏನು ಗೊತ್ತು?"

"ಒಳಗಡೆ ನೋಡ್ದೆ."

ಅವನು ಏರಿಗೆ ಬಗ್ಗಿ ತುಳಿದ. "ನಿನ್ನ ಉಣ್ಸೆಣ್ಣಿಗೆ ಮೇಲಿನ ಒಳಪು ಓಯ್ತು, ಅಷ್ಟೇ. ಒಳಗೆ ಯಾವತ್ತೋ ಸತ್ತೋಗಿತ್ತು. ಅಂಗೇ ಕೊಟ್ಟಿದ್ರೆ ಆ ಉಡುಗ ಎಲ್ಲಾದ್ರೂ ಇಳಿಜಾರಲ್ಲಿ ಬಿದ್ದು..."

"ನಿಮಗೆ ಯಾವತ್ತು ಗೊತ್ತಾಯ್ತು?"

"ಬೀಗರು ಬಂದೋದ ಮಾರನೇ ದಿನ. ಟೈರು ಬಿಚ್ಚಿದ್ನಲ್ಲ."

ಅಮ್ಮಾಜಮ್ಮ ಗಕ್ಕನೆ ತಿರುಗಿದಳು. ಸೈಕಲ್ಲು ಚರಂಡಿಯ ಕಡೆ ಎಳೆಯಿತು. "ಮಾರನೇ ದಿನಾ! ಮತ್ತೆ ಇಷ್ಟು ದಿನ?"

"ಅಲ್ಲಾಡ್ಬೇಡ ಅಂದ್ನಲ್ಲೇ! ಮಾತು ಬಿಟ್ಟಾಗಿತ್ತು. ಎಂಗ್ ಶುರು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ದಿನಾ ಊಟಕ್ಕೆ ಕೂತಾಗ ಇವತ್ತು ಏಳಾನ, ಇವತ್ತು ಏಳಾನ ಅನ್ಕೊತಿದ್ದೆ. ನೀನ್ ನೋಡಿದ್ರೆ ಮುದ್ದೆ ಇಡ್ಕೊಂಡು ಪೊಲೀಸ್ನೋಳಂಗೆ ನಿಂತಿರ್ತಿದ್ದೆ."

"ಸಪ್ಪೆ ಸಾರು ತಿಂದಾಗ್ಲೂ ಏಳ್ಬೇಕು ಅನ್ನಿಸ್ಲಿಲ್ವಾ?"

"ಆವಾಗ್ಲೇ ಜಾಸ್ತಿ ಅನ್ನಿಸಿದ್ದು."

ಅವಳು ನಗತೊಡಗಿದಳು. ನಕ್ಕಷ್ಟೂ ಗಾಡಿ ತೂಗಾಡಿತು. ಅವನು ಬೈದ, ಬೈಯುತ್ತಾ ತಾನೂ ನಕ್ಕ. ಅಷ್ಟರಲ್ಲಿ ಏರು ಮುಗಿದಿತ್ತು. ಗಾಡಿಯನ್ನು ತಿರುಗಿಸಿದ. ಇಳಿಜಾರಿನಲ್ಲಿ ಗಾಳಿ ಮುಖಕ್ಕೆ ಬಡಿದು, ಅವಳ ಸೆರಗು ಅವನ ಮುಖವನ್ನೇ ಮುಚ್ಚಿತು. "ಕಾಣಿಸ್ತಾ ಇಲ್ಲ ಕಣೇ!" ಎಂದು ಅವನು ಕೂಗಿದ. ಅವಳು ಒಂದು ಕೈಯಲ್ಲಿ ಸೆರಗೆಳೆದುಕೊಂಡಳು. ಇನ್ನೊಂದು ಕೈ ಹ್ಯಾಂಡಲ್ಲಿನ ಮೇಲೆ ಅವನ ಕೈಯ ಪಕ್ಕದಲ್ಲೇ ಇತ್ತು. ಅದನ್ನು ಸರಿಸಲಿಲ್ಲ. ಚಕ್ರಗಳು ಎಣ್ಣೆಯಲ್ಲಿ ಜಾರುವಂತೆ ಓಡಿದವು. ಕೆಳಗಿನಿಂದ ಒಂದು ಸದ್ದೂ ಬರಲಿಲ್ಲ.

ಮಾರ್ಕೆಟ್ಟು ದಾಟಿ ಬೀದಿಗೆ ತಿರುಗಿದಾಗ ಜನ ಇನ್ನೂ ನಿಂತೇ ಇದ್ದರು. ಚಪ್ಪರದ ಗಳುಗಳು ಎದ್ದಿದ್ದವು. ಕೋದಂಡಪ್ಪ ಬ್ರೇಕು ಹಿಡಿದು ಮನೆ ಮುಂದೆ ಕಾಲೂರಿದ. ಅಮ್ಮಾಜಮ್ಮ ಇಳಿಯಲಿಲ್ಲ.

"ಇಳ್ಯೇ" ಎಂದಳು ಅಕ್ಕಯ್ಯಮ್ಮ. "ಒಲೆ ಮೇಲೆ ಬೇಳೆ ಐತೆ."

ಅಮ್ಮಾಜಮ್ಮ ಹ್ಯಾಂಡಲ್ಲು ಬಿಡದೆ ಹೇಳಿದಳು: "ಕಡ್ಡಿ ಇನ್ನೂ ಕೂತಿಲ್ಲ ಅತ್ತೆ. ಇನ್ನೂ ಸದ್ದು ಬತ್ತಾ ಐತೆ."

ಕೋದಂಡಪ್ಪ ತಲೆ ಬಗ್ಗಿಸಿ ಚಕ್ರದ ಕಡೆ ನೋಡಿದ. ಮುಂದಿನದನ್ನು ನೋಡಿದ, ಹಿಂದಿನದನ್ನೂ ನೋಡಿದ. ಒಂದು ಕಡ್ಡಿಯನ್ನು ಉಗುರಿನಿಂದ ಮೀಟಿ ಕಿವಿಗೊಟ್ಟ.

"ಔದು" ಎಂದ. "ಇನ್ನೊಂದು ಸುತ್ತು ಬೇಕು."

ಪೆಡಲ್ಲು ತುಳಿದ.